‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಮೊದಲ ಸಲ ನೋಡ್ತಿದ್ದೇವೆ: ಕಪ್ಪು-ಬಿಳುಪು ಹಾಕಲೋ, ಬಣ್ಣದ್ದೋ?

ಕ್ರಿಸ್‌ಮಸ್ ರಜೆಗೆ ಮೈಸೂರಿನ ಮನೆಯಲ್ಲಿ ಅಪ್ಪ-ಅಮ್ಮನ ಜೊತೆ ನೋಡಬೇಕು, ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ ಅಂದಿದ್ದೀರಿ. ಕಣ್ಣು ಮುಚ್ಚಿಕೊಂಡು ಕಪ್ಪು-ಬಿಳುಪೇ ಹಾಕಿ. ಚಿತ್ರ 1946ರದ್ದು, ಬಣ್ಣ ಬಳಿದದ್ದು 1986ರಿಂದೀಚೆಗೆ. ನಾಯಕ ಜೇಮ್ಸ್ ಸ್ಟೂವರ್ಟೇ ಅದನ್ನು ವಿರೋಧಿಸಿದ್ದರು. ರಾತ್ರಿ ದೃಶ್ಯಗಳ ನೆರಳು-ಬೆಳಕು ಬಣ್ಣದಲ್ಲಿ ಸತ್ತೇ ಹೋಗುತ್ತೆ.

ಪ್ಲೇ ಒತ್ತುವ ಮೊದಲು ಅವಧಿ ನೋಡಿ. 2 ಗಂಟೆ 10 ನಿಮಿಷ ಇರಬೇಕು. ಇಪ್ಪತ್ತು ನಿಮಿಷದಷ್ಟು ಕಮ್ಮಿ ತೋರಿಸಿದರೆ ಅದು ಕತ್ತರಿ ಬಿದ್ದ ಆವೃತ್ತಿ, ಇಡೀ ಕಥೆ ನಿಂತಿರುವ ಭಾಗವೇ ಅದರಲ್ಲಿರಲ್ಲ.

ಟಿವಿ ಸೆಟ್ಟಿಂಗ್ ಸರಿಮಾಡದೆ ಹಳೇ ಸಿನಿಮಾ ಹಾಕಬೇಡಿ. ಚಿತ್ರ ಹೆಚ್ಚುಕಡಿಮೆ ಚೌಕ, ಎರಡೂ ಪಕ್ಕ ಕಪ್ಪು ಪಟ್ಟಿ ಬರಲೇಬೇಕು. ಜಾಗ ತುಂಬಲಿ ಅಂತ ‘ಜೂಮ್’ ಕೊಟ್ಟರೆ ತಲೆ ಕತ್ತರಿಸುತ್ತೆ, ‘ವೈಡ್’ ಕೊಟ್ಟರೆ ಎಲ್ಲರೂ ದಪ್ಪಗಾಗ್ತಾರೆ. ‘ವಿವಿಡ್’ ಬಿಟ್ಟು ‘ಸಿನಿಮಾ’ ಮೋಡ್‌ಗೆ ಬನ್ನಿ, ಇಲ್ಲದಿದ್ದರೆ ಬಿಳಿಯೆಲ್ಲ ನೀಲಿ ತಿರುಗುತ್ತೆ. ಚಲನೆಯನ್ನು ಕೃತಕವಾಗಿ ನಯ ಮಾಡುವ ಮೋಷನ್ ಸ್ಮೂದಿಂಗ್ ಆಫ್ (ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ), ನಾಯ್ಸ್ ರಿಡಕ್ಷನ್ ಕೂಡ ಆಫ್. ಅದು ಫಿಲ್ಮಿನ ಸಹಜ ಕಾಳನ್ನು (ಗ್ರೇನ್) ಅಳಿಸಲು ಹೋಗಿ ಮುಖದ ಗೆರೆಯನ್ನೂ ಅಳಿಸುತ್ತೆ. ಧ್ವನಿ ಮೋನೋ, ಅಂದರೆ ಒಂದೇ ಚಾನೆಲ್‌ನದು, ಹಾಗಾಗಿ ಸರೌಂಡ್ ಬೇಡ, ಮಾತು ಕಲಸಿಹೋಗುತ್ತೆ.

ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ಬೇಕಾದಲ್ಲಿ ನೀವೇ ಕನ್ನಡದಲ್ಲಿ ಹೇಳಿಕೊಡಿ. ಶುರುವಿನಲ್ಲೇ ಆಕಾಶದಲ್ಲಿ ನಕ್ಷತ್ರಗಳು ಮಿನುಗುತ್ತಾ ಮಾತಾಡುತ್ತವೆ. ಅವು ದೇವದೂತರು, ಮುಂದೆ ಬಹುಪಾಲು ಬರೋದು ಅವರು ನೋಡುತ್ತಿರುವ ಹಿಂದಿನ ಕಥೆ ಅಂತ ಮೊದಲೇ ಹೇಳಿಬಿಡಿ. ಔಷಧಿ ಅಂಗಡಿ ದೃಶ್ಯದಲ್ಲಿ ಹುಡುಗ ಜಾರ್ಜ್ (ಕಥಾನಾಯಕ, ದೊಡ್ಡವನಾದಾಗ ಸ್ಟೂವರ್ಟ್) ಒಂದು ಟೆಲಿಗ್ರಾಂ ಓದ್ತಾನೆ. ಅದು ಪರದೆ ಮೇಲಿನ ಬರಹ, ಸಬ್‌ಟೈಟಲ್‌ನಲ್ಲಿ ಬರದೇ ಇರಬಹುದು. ಅಲ್ಲಿ ಚಿತ್ರ ನಿಲ್ಲಿಸಿ ಓದಿ ಹೇಳಿ, ಅಂಗಡಿಯವನು ಯಾಕೆ ಮಾತ್ರೆಯಲ್ಲಿ ಎಡವಟ್ಟು ಮಾಡಿದ ಅನ್ನೋದು ಅದರಲ್ಲಿದೆ. ಅದೇ ಅಂಗಡಿಯಲ್ಲಿ ಪುಟ್ಟ ಮೇರಿ ಅವನ ಕಿವುಡು ಎಡಗಿವಿಗೆ ಏನೋ ಪಿಸುಗುಡ್ತಾಳೆ. ಅವನಿಗೆ ಕೇಳಿಸಲ್ಲ, ನಮಗೆ ಕೇಳಿಸುತ್ತೆ. ಆ ಕಿವಿ ನೆನಪಿರಲಿ, ಅವನು ಯಾಕೆ ಯುದ್ಧಕ್ಕೆ ಹೋಗಲ್ಲ ಅನ್ನೋದಕ್ಕೂ ಅದೇ ಕಾರಣ.

ಮುಂದೆ ಜಾರ್ಜ್ ನಡೆಸುವ ‘ಬಿಲ್ಡಿಂಗ್ ಅಂಡ್ ಲೋನ್’ ಅಂದರೆ ನಮ್ಮ ಗೃಹ ನಿರ್ಮಾಣ ಸಹಕಾರ ಸಂಘ ಇದ್ದ ಹಾಗೆ. ಊರವರು ಕೂಡಿಸಿದ ದುಡ್ಡು ಊರವರ ಮನೆಗಳಿಗೇ ಸಾಲವಾಗಿ ಹೋಗಿರುತ್ತೆ, ಪೆಟ್ಟಿಗೆಯಲ್ಲಿ ಇರಲ್ಲ. ಇಷ್ಟು ಗೊತ್ತಿದ್ದರೆ ಎಲ್ಲರೂ ಒಟ್ಟಿಗೆ ದುಡ್ಡು ವಾಪಸ್ ಕೇಳಲು ನುಗ್ಗುವ ದೃಶ್ಯ ಯಾರ ಸಹಾಯವೂ ಇಲ್ಲದೆ ಅರ್ಥವಾಗುತ್ತೆ. ಒಬ್ಬ ತನ್ನ 242 ಡಾಲರೂ ಈಗಲೇ ಬೇಕು ಅಂತ ಹಟ ಹಿಡೀತಾನೆ. ಸ್ವಲ್ಪ ಹೊತ್ತಿಗೆ ಒಬ್ಬಾಕೆ ಹದಿನೇಳೂವರೆ ಡಾಲರ್ ಸಾಕು ಅಂತಾಳೆ. ಆಗ ಜಾರ್ಜ್ ಮುಖ ನೋಡಿ. ನನ್ನ ಮಟ್ಟಿಗೆ ಚಿತ್ರದ ಅತ್ಯುತ್ತಮ ಗಳಿಗೆ ಅದು, ಹೆಸರಾದ ಕ್ಲೈಮ್ಯಾಕ್ಸ್ ಅಲ್ಲ.

ಹಬ್ಬದ ಸಿನಿಮಾ ಅಂತ ಮೊದಲಿಂದಲೇ ಗಂಟೆ, ದೀಪ ನಿರೀಕ್ಷಿಸಬೇಡಿ, ಕ್ರಿಸ್‌ಮಸ್ ಬರೋದು ಕೊನೇ ಭಾಗದಲ್ಲಿ. ಬಿಡುಗಡೆಯಾದಾಗ ಚಿತ್ರ ನಷ್ಟದಲ್ಲಿತ್ತು. 1974ರಲ್ಲಿ ಕಾಪಿರೈಟ್ ನವೀಕರಿಸದೆ ಬಿಟ್ಟಿದ್ದರಿಂದ ಅಮೆರಿಕದ ಟಿವಿಗಳು ಪ್ರತಿ ಡಿಸೆಂಬರಿಗೂ ಪುಕ್ಕಟೆ ಹಾಕಿ ಹಾಕಿ ಹಬ್ಬದ ಚಿತ್ರ ಮಾಡಿದವು. ಅಂದಹಾಗೆ ಆ ಹಿಮವೂ ಸುಳ್ಳೇ, ಶೂಟಿಂಗ್ ನಡೆದದ್ದು ಬೇಸಿಗೆಯಲ್ಲಿ. ಆಗೆಲ್ಲ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಸುರಿಯುತ್ತಿದ್ದರು, ತುಳಿದರೆ ಕರಕರ ಸದ್ದು, ಮಾತು ಮತ್ತೆ ರೆಕಾರ್ಡ್ ಮಾಡಬೇಕಿತ್ತು. ಈ ಚಿತ್ರದವರು ಬೆಂಕಿ ಆರಿಸುವ ನೊರೆಗೆ ಸೋಪು, ನೀರು ಬೆರೆಸಿ ಸಿಂಪಡಿಸಿದರು. ಸೇತುವೆ ಮೇಲೆ ಸ್ಟೂವರ್ಟ್ ಮುಖದಲ್ಲಿ ಹೊಳೆಯೋದು ನಿಜವಾದ ಬೆವರು.

ಇಂಟರ್ವಲ್ ಇಲ್ಲ. ಕಾಫಿಗೆ ನಿಲ್ಲಿಸೋದಾದರೆ ಒಂದು ಗಂಟೆ ಹೊತ್ತಿಗೆ, ಹೊಸ ದಂಪತಿ ಜಾರ್ಜ್-ಮೇರಿ ಸೋರುವ ಹಳೇ ಮನೆ ಸೇರಿದ ಮೇಲೆ ನಿಲ್ಲಿಸಿ. ಜಾರ್ಜ್‌ನ ಚಿಕ್ಕಪ್ಪ ಬಿಲ್ಲಿ ಬ್ಯಾಂಕಿಗೆ ಹೊರಟ ಮೇಲೆ ಮಾತ್ರ ಯಾರನ್ನೂ ಏಳಲು ಬಿಡಬೇಡಿ. 24ರ ರಾತ್ರಿ ಸಂತ ಫಿಲೋಮಿನಾ ಚರ್ಚಿಗೆ ಹೋಗುವುದಿದ್ದರೆ ಸಿನಿಮಾ 25ಕ್ಕೆ ಇಟ್ಟುಕೊಳ್ಳಿ. ಮಧ್ಯಾಹ್ನ ಹಾಕಿದರೆ ಕಿಟಕಿ ಪರದೆ ಎಳೆದುಬಿಡಿ, ಸೇತುವೆ ದೃಶ್ಯ ಹಗಲು ಬೆಳಕಲ್ಲಿ ಕಾಣಲ್ಲ.