ಮಗ ಐಟಿಐ ಅಂತಾನೆ, ಮನೆಯವರು ಇಂಜಿನಿಯರಿಂಗ್ ಅಂತಾರೆ

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿಯಲ್ಲಿ 64 ಪರ್ಸೆಂಟ್ ತೆಗೆದಿದ್ದಾನೆ. ಐಟಿಐ ಸೇರಿ ಎಲೆಕ್ಟ್ರಿಷಿಯನ್ ಆಗ್ತೀನಿ ಅಂತ ಹಟ. ಚಿಕ್ಕಂದಿನಿಂದ ಫ್ಯಾನು, ಮಿಕ್ಸಿ ಬಿಚ್ಚಿ ಜೋಡಿಸೋದೇ ಅವನಿಗೆ ಆಟ. ನಮ್ಮ ಯಜಮಾನರು ತೋಟದ ಮೇಲೆ ಸಾಲ ಮಾಡಿಯಾದರೂ ಇಂಜಿನಿಯರ್ ಮಾಡೋಣ ಅಂತಾರೆ. ಐಟಿಐ ಹುಡುಗನಿಗೆ ಯಾರು ಹೆಣ್ಣು ಕೊಡ್ತಾರೆ ಅಂತ ಅತ್ತೆಯ ಕಣ್ಣೀರು. ನಾನು ಯಾರ ಪರ ನಿಲ್ಲಲಿ?
– ತಿಪಟೂರು ಕಡೆಯ ತಾಯಿ

ಉತ್ತರ: ಮಗನ ಪರ ನಿಲ್ಲಿ ತಾಯಿ. ಆದರೆ ಕೆಲಸವನ್ನು ಅರ್ಧಂಬರ್ಧ ಕಲಿಯುವುದಿಲ್ಲ ಎಂದು ಅವನಿಂದ ಮಾತು ತೆಗೆದುಕೊಳ್ಳಿ.

ಮೊದಲು ಯಜಮಾನರ ಭಯದ ವಿಷಯ. ಐಟಿಐಗೆ ಹೋದರೆ ಮುಂದಿನ ಓದಿನ ಬಾಗಿಲು ಮುಚ್ಚಿತು ಎಂದುಕೊಂಡಿರಬಹುದು. ಹಾಗೇನಿಲ್ಲ. ಎಲೆಕ್ಟ್ರಿಷಿಯನ್ ಟ್ರೇಡ್ 2 ವರ್ಷದ್ದು. ಅದು ಮುಗಿದ ಮೇಲೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿದೆ. ಡಿಪ್ಲೊಮಾ ಆದವರು ಅವರಿಗಾಗಿಯೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗಬಹುದು. ಮುಂದೆ ಅವನಿಗೇ ಓದಬೇಕು ಅನಿಸಿದರೆ ದಾರಿ ಇದೆ. ಈಗ ಒಲ್ಲದ ಸೈನ್ಸ್‌ಗೆ ತಳ್ಳಿ, ಸಿಇಟಿಯಲ್ಲಿ ಒಳ್ಳೆ ರ್‍ಯಾಂಕ್ ಬರದೆ, ಮ್ಯಾನೇಜ್‌ಮೆಂಟ್ ಸೀಟಿಗೆ ಲಕ್ಷಗಟ್ಟಲೆ ಸುರಿದರೆ? ತೋಟವೂ ಸಾಲದಲ್ಲಿ, ಹುಡುಗನೂ ಬೇಸರದಲ್ಲಿ. ದಯವಿಟ್ಟು ತೋಟವನ್ನು ಮುಟ್ಟಬೇಡಿ.

ಇನ್ನು ಅರ್ಧಂಬರ್ಧ ಎಂದೆನಲ್ಲ, ನನಗೆ ನಿಜವಾದ ಚಿಂತೆ ಇರುವುದು ಅಲ್ಲೇ. ಎಷ್ಟೋ ಹುಡುಗರು ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಯಾರದೋ ಹಿಂದೆ ಹೆಲ್ಪರ್ ಆಗಿ ಹೋಗುತ್ತಾರೆ, ವರ್ಷಗಟ್ಟಲೆ ಅಲ್ಲೇ ಉಳಿದುಬಿಡುತ್ತಾರೆ. ನಿಮ್ಮ ಮಗ ಹಾಗಾಗಬಾರದು. ಸೇರುವ ಐಟಿಐಯಲ್ಲಿ ಆ ಟ್ರೇಡಿಗೆ ಎನ್‌ಸಿವಿಟಿ (ರಾಷ್ಟ್ರಮಟ್ಟದ ವೃತ್ತಿ ತರಬೇತಿ ಮಂಡಳಿ) ಮಾನ್ಯತೆ ಇದೆಯಾ ಕೇಳಿ. ವರ್ಕ್‌ಶಾಪ್ ಒಳಗೆ ಹೋಗಿ ನೋಡಿ. ಮೋಟಾರು, ಪ್ಯಾನಲ್ ಬೋರ್ಡ್ ಮೇಲೆ ಧೂಳು ಕೂತಿದ್ದರೆ ಪಾಠ ಹೇಗೆ ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಐಟಿಐ ಮುಗಿದ ಮೇಲೆ ದೊಡ್ಡ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಲಿ. ಸ್ಟೈಪೆಂಡ್ ಸಂಬಳದಷ್ಟಿರುವುದಿಲ್ಲ, ಆದರೆ ಕೈ ಪಳಗುವುದು ಅಲ್ಲೇ. ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್, ಅಂದರೆ ರೈಲು ಚಾಲಕರ ಸಹಾಯಕನ ಹುದ್ದೆಗೂ ಈ ಓದು ನಡೆಯುತ್ತದೆ, ಕಣ್ಣಿನ ಪರೀಕ್ಷೆ ಮಾತ್ರ ಬಿಗಿ.

ಸ್ವಂತವಾಗಿ ನಿಲ್ಲುವ ಆಸೆಯಿದ್ದರೆ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್, ಅನುಭವ ಬಂದಂತೆ ಕಂಟ್ರಾಕ್ಟರ್ ಲೈಸೆನ್ಸ್ ಮಾಡಿಸಿಕೊಳ್ಳಲಿ. ಹೊಸ ಮನೆಗೆ ಬೆಸ್ಕಾಂ ಕನೆಕ್ಷನ್ ಬೇಕೆಂದರೆ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಸಹಿ ಬೇಕೇ ಬೇಕು. ಹೆಲ್ಪರ್‌ಗೂ ಲೈಸೆನ್ಸ್ ಇರುವವನಿಗೂ ಇರುವ ಅಂತರ ಇಷ್ಟೇ, ಆದರೆ ಸಂಪಾದನೆಯಲ್ಲಿ ಬಹಳ.

ಕಷ್ಟವನ್ನೂ ಮುಚ್ಚಿಡುವುದಿಲ್ಲ. ಶುರುವಿನ ವರ್ಷಗಳಲ್ಲಿ ದುಡ್ಡು ಕಡಿಮೆ. ಕೆಲಸ ಮಾಡಿಸಿಕೊಂಡು ಬಾಕಿ ಉಳಿಸುವವರು ಊರಿಗೊಬ್ಬರು ಇರುತ್ತಾರೆ. ಕರೆಂಟಿನ ಮುಂದೆ ಒಂದು ಗಳಿಗೆ ಮೈಮರೆತರೂ ಪ್ರಾಣಕ್ಕೆ ಸಂಚಕಾರ. ಮೇನ್ ಆಫ್ ಮಾಡದೆ ತಂತಿ ಮುಟ್ಟುವುದಿಲ್ಲ ಎನ್ನುವ ಶಿಸ್ತು ಮೊದಲ ದಿನದಿಂದಲೇ ಬರಬೇಕು.

ಅತ್ತೆಯವರ ಮಾತು ಸುಳ್ಳಲ್ಲ. ಸಂಬಂಧ ಹುಡುಕುವಾಗ ಇವತ್ತಿಗೂ ಡಿಗ್ರಿ ಕೇಳುತ್ತಾರೆ, ಇದು ನನಗೂ ನೋವಿನ ಸಂಗತಿ. ಆದರೆ ಆ ಮಾತು ಬರಲು ಇನ್ನೂ ಹತ್ತು ವರ್ಷವಿದೆ, ಅಲ್ವಾ? ಅಷ್ಟರಲ್ಲಿ ಅವನು ಸಾಲವಿಲ್ಲದೆ ಸ್ವಂತ ಕಾಲ ಮೇಲೆ ನಿಂತಿರಬಹುದು. ಅತ್ತೆಯವರಿಗೆ ಇದನ್ನು ಸಮಾಧಾನವಾಗಿ ಹೇಳಿ, ವಾದಕ್ಕೆ ನಿಲ್ಲಬೇಡಿ.

ಈ ವಾರವೇ ಯಜಮಾನರನ್ನೂ ಮಗನನ್ನೂ ಕರೆದುಕೊಂಡು ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ ಬನ್ನಿ. ಎಲೆಕ್ಟ್ರಿಷಿಯನ್ ಸೀಟಿಗೆ ಬೇಡಿಕೆ ಜಾಸ್ತಿ, ಅರ್ಜಿ ಹಾಕುವುದು ತಡವಾಗದಿರಲಿ.