ಪಂಪ್‌ಹೌಸ್ ಕೀಲಿಯನ್ನು ಮೊದಲು ಒಪ್ಪಿಸಿ, ಆಮೇಲೆ ನಾಮಪತ್ರದ ಮಾತು

ಪಂಚಾಯಿತಿಯ ನೀರಿನ ಮೋಟಾರು ಮತ್ತು ಬೀದಿದೀಪಗಳ ಕೆಲಸ ಮಾಡುವ ನೀವು ಅದೇ ಪಂಚಾಯಿತಿಯ ಚುನಾವಣೆಗೆ ನಿಲ್ಲುವ ಮುನ್ನ ಅಂಗಡಿಯನ್ನೂ ಬಿಲ್ ಪುಸ್ತಕವನ್ನೂ ಹೆಂಡತಿಯ ಹೆಸರಿಗೆ ಮಾಡಿದರೆ ಸಾಕೇ ಎಂದು ಕೇಳಿದ್ದೀರಿ. ನಾನು ತಮ್ಮನಿಗೆ ವಹಿಸಿದ್ದೆ. 2015ರಲ್ಲಿ ಸದಸ್ಯನಾಗಿ ಗೆದ್ದೆ, 2017ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದೆ.

ನಮ್ಮದು ಬಯಲುಸೀಮೆಯ ಊರು. ಐಟಿಐ ಮುಗಿಸಿ ಲೈನ್ ಎಳೆಯುವ ಗುತ್ತಿಗೆದಾರರ ಗ್ಯಾಂಗಿನಲ್ಲಿ ಕಂಬ ನಿಲ್ಲಿಸುತ್ತಾ ಈ ಕಸುಬಿಗೆ ಬಂದವನು ನಾನು. 1999ರಲ್ಲಿ ವಿದ್ಯುತ್ ಮಂಡಳಿ ಹೋಗಿ ನಿಗಮ ಬಂತು, 2002ರಲ್ಲಿ ವಿತರಣಾ ಕಂಪನಿಗಳು ಬಂದವು, ಆದರೆ ನಮ್ಮ ಊರಿನವರ ಬಾಯಲ್ಲಿ ಅದು ಇಂದಿಗೂ ಕೆಇಬಿಯೇ. ಆಮೇಲೆ ಸುಟ್ಟ ಮೋಟಾರಿಗೆ ಹೊಸ ಸುರುಳಿ ಸುತ್ತುವ ರಿವೈಂಡಿಂಗ್ ಅಂಗಡಿ ಇಟ್ಟೆ. ಪಂಚಾಯಿತಿಯ ಒಂಬತ್ತು ಕೊಳವೆಬಾವಿಗಳ ನಿರ್ವಹಣೆ ನನ್ನ ಕೈಯಲ್ಲಿತ್ತು. ಯಾವ ಮೋಟಾರು ಎಷ್ಟು ಅಡಿಯಲ್ಲಿದೆ, ಯಾವ ಬೀದಿಯ ವಾಲ್ವ್ ಯಾವ ಕಲ್ಲಿನ ಕೆಳಗಿದೆ ಎಂಬುದು ಕಚೇರಿಯ ಕಡತಕ್ಕಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಮಧ್ಯರಾತ್ರಿ ಕರೆದರೂ ಬರುತ್ತಾನೆ ಎಂಬ ಕಾರಣಕ್ಕೆ ಜನ ನನ್ನನ್ನು ನಿಲ್ಲಿಸಿದರು, ಅದೇ ಕಾರಣಕ್ಕೆ ಗೆಲ್ಲಿಸಿದರು. ನಿಮ್ಮನ್ನೂ ಅದಕ್ಕೇ ನಿಲ್ಲಿಸಲು ಹೊರಟಿದ್ದಾರೆ ಎಂಬುದು ನಿಮ್ಮ ಪ್ರಶ್ನೆಯಲ್ಲೇ ಕಾಣುತ್ತಿದೆ.

ಈಗ ನನ್ನ ಸ್ಥಾನ ಕಳೆದ ಆ ಒಂದು ತಪ್ಪಿನ ವಿಷಯವನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದು ನಡೆಯುವಾಗ ತಪ್ಪಿನಂತೆ ಕಾಣಲೇ ಇಲ್ಲ. ನಾಮಪತ್ರ ಹಾಕುವ ಮುನ್ನ ನಿರ್ವಹಣೆಯ ಗುತ್ತಿಗೆಯನ್ನು ಬಿಟ್ಟಿದ್ದೆ. ಅಂಗಡಿಯ ವ್ಯವಹಾರವನ್ನು ತಮ್ಮನಿಗೆ ವಹಿಸಿದ್ದೆ. ಆದರೆ ಅಂಗಡಿಯ ಮುಂದಿನ ಬೋರ್ಡಿನಲ್ಲಿ ನನ್ನ ಹೆಸರೇ ಇತ್ತು, ತೆರಿಗೆ ನೋಂದಣಿ ನನ್ನದೇ ಇತ್ತು, ಪಂಪ್‌ಹೌಸ್‌ಗಳ ಒಂದು ಜೊತೆ ಕೀಲಿ ನಮ್ಮ ಮನೆಯ ಮೊಳೆಗೆ ನೇತುಬಿದ್ದಿತ್ತು. 2017ರ ಏಪ್ರಿಲ್‌ನಲ್ಲಿ, ಬರದ ನಡುವೆ, ಊರಿನ ಅರ್ಧ ಮನೆಗಳಿಗೆ ನೀರು ಕೊಡುತ್ತಿದ್ದ 7.5 ಎಚ್‌ಪಿಯ ಸಬ್‌ಮರ್ಸಿಬಲ್ ಮೋಟಾರು ಸುಟ್ಟಿತು. ಬೆಳಗ್ಗೆ ಆರು ಗಂಟೆಗೆ ಕೊಡ ಹಿಡಿದ ಹೆಂಗಸರು ನನ್ನ ಬಾಗಿಲಿಗೆ ಬಂದರು. ಮೋಟಾರು ಎತ್ತುವ ಗಾಡಿಯವನನ್ನು ಕರೆಸಿ, ಪೈಪ್ ಬಿಚ್ಚಿಸಿ, ಅಂಗಡಿಯಲ್ಲಿ ನಾನೇ ಕುಳಿತು ಸುರುಳಿ ಸುತ್ತಿ ಮರುದಿನ ಸಂಜೆಗೆ ಇಳಿಸಿದೆ. ನೀರು ಬಂತು.

ಅಲ್ಲಿಗೆ ನಿಂತಿದ್ದರೆ ನಾನು ಐದು ವರ್ಷ ಪೂರೈಸುತ್ತಿದ್ದೆನೋ ಏನೋ. ಆದರೆ ತಾಮ್ರದ ತಂತಿ, ಕೇಬಲ್, ಗಾಡಿಯ ಬಾಡಿಗೆ ಸೇರಿ 18,400 ರೂಪಾಯಿ ಖರ್ಚಾಗಿತ್ತು, ಅದನ್ನು ತಮ್ಮ ಸಾಲ ತಂದು ಹಾಕಿದ್ದ. ಅವನ ಹೆಸರಿನಲ್ಲಿ ಬಿಲ್ ಬರೆಸಿದೆ. ಆ ಬಿಲ್ ಪಂಚಾಯಿತಿಯ ಸಾಮಾನ್ಯ ಸಭೆಗೆ ಬಂದ ದಿನ ನಾನು ಎದ್ದು ಹೊರಗೆ ಹೋಗಲಿಲ್ಲ. ಕುಳಿತಿದ್ದೆ, ಕೈ ಎತ್ತಿದೆ, ಹಾಜರಿ ಪುಸ್ತಕದಲ್ಲಿ ನನ್ನ ಸಹಿ ಇತ್ತು. ಚೆಕ್ ತಮ್ಮನ ಖಾತೆಗೆ ಹೋಯಿತು. ಎರಡು ತಿಂಗಳ ಬಳಿಕ ನನ್ನ ಎದುರಾಳಿಯಾಗಿದ್ದವರು ಮಾಹಿತಿ ಹಕ್ಕಿನಲ್ಲಿ ಬಿಲ್, ನಡಾವಳಿ, ಹಾಜರಿ ಮೂರನ್ನೂ ಪಡೆದು ಮೇಲಿನವರಿಗೆ ದೂರು ಕೊಟ್ಟರು. ಬಿಲ್ಲಿನ ತಲೆಯಲ್ಲಿದ್ದ ತೆರಿಗೆ ಸಂಖ್ಯೆ ನನ್ನದು, ಹಣ ಪಡೆದವನು ನನ್ನ ಮನೆಯವನು, ಮಂಜೂರು ಮಾಡಿದವರಲ್ಲಿ ನಾನೂ ಒಬ್ಬ. ಲಾಭವಾಗಿ ಒಂದು ರೂಪಾಯಿಯೂ ಬಂದಿರಲಿಲ್ಲ ಎಂಬುದು ಸತ್ಯ, ಆದರೆ ಅದನ್ನು ಯಾರೂ ಕೇಳಲಿಲ್ಲ, ಕೇಳಬೇಕಾದ ಅಗತ್ಯವೂ ಕಾನೂನಿಗೆ ಇರಲಿಲ್ಲ.

1993ರ ಪಂಚಾಯತ್ ರಾಜ್ ಅಧಿನಿಯಮದ 12ನೇ ಪ್ರಕರಣ ಸದಸ್ಯತ್ವದ ಅನರ್ಹತೆಗಳನ್ನು ಹೇಳುತ್ತದೆ. ಪಂಚಾಯಿತಿಯ ಕೆಲಸದಲ್ಲಿ ಅಥವಾ ಗುತ್ತಿಗೆಯಲ್ಲಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪಾಲು ಇರುವವನು ಸದಸ್ಯನಾಗಿರುವಂತಿಲ್ಲ ಎಂಬುದು ಅದರಲ್ಲಿದೆ. ಆ ಪರೋಕ್ಷ ಎಂಬ ಪದವನ್ನು ನಾನು ಮೊದಲ ಬಾರಿ ಗಮನಿಸಿ ಓದಿದ್ದು ನೋಟಿಸು ಕೈಗೆ ಬಂದ ದಿನ. ಹೆಂಡತಿಯ ಹೆಸರು, ತಮ್ಮನ ಹೆಸರು, ಅಂಗಡಿಯ ಹುಡುಗನ ಹೆಸರು ಎಂದು ನಾವು ಹುಡುಕುವ ಎಲ್ಲ ದಾರಿಗಳ ಮೇಲೂ ಅದೇ ಪದದ ಕಣ್ಣಿದೆ. ವಿಚಾರಣೆ ಮುಗಿಯುವವರೆಗೆ ಕಾಯದೆ ನಾನು ರಾಜೀನಾಮೆ ಬರೆದುಕೊಟ್ಟೆ. ವಾರ್ಡಿಗೆ ಉಪಚುನಾವಣೆಯಾಯಿತು. ತಮ್ಮನಿಗೆ ಪಂಚಾಯಿತಿಯ ಕೆಲಸ ಮತ್ತೆ ಸಿಗಲಿಲ್ಲ. ಅವನು ನನ್ನೊಡನೆ ಒಂದು ವರ್ಷ ಸರಿಯಾಗಿ ಮಾತನಾಡಲಿಲ್ಲ, ಅದು ಸ್ಥಾನ ಹೋದದ್ದಕ್ಕಿಂತ ಹೆಚ್ಚು ನೋಯಿಸಿತು.

ಅಂದು ನನಗೆ ಬೇರೆ ದಾರಿಗಳಿದ್ದವು ಎಂಬುದನ್ನು ಹೇಳಲೇಬೇಕು. ತಾಲ್ಲೂಕು ಕೇಂದ್ರದಲ್ಲಿ ಮೂರು ರಿವೈಂಡಿಂಗ್ ಅಂಗಡಿಗಳಿದ್ದವು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರು ಅಲ್ಲಿಂದ ದರಪಟ್ಟಿ ತರಿಸಬಹುದಿತ್ತು, ಅಲ್ಲಿಯವರೆಗೆ ಎರಡು ದಿನ ಟ್ಯಾಂಕರಿನಲ್ಲಿ ನೀರು ಹೊಡೆಸಬಹುದಿತ್ತು. ಬರಗಾಲದಲ್ಲಿ ಅದಕ್ಕೆ ಅವಕಾಶವೂ ಇತ್ತು. ನಾನು ಹಾಗೆ ಮಾಡಲಿಲ್ಲ, ಏಕೆಂದರೆ ನನ್ನ ಕೈಯ ಸುರುಳಿಯ ಮೇಲೆ ನನಗೆ ಅಷ್ಟು ನಂಬಿಕೆ ಇತ್ತು. ಬಾಗಿಲಲ್ಲಿ ಕೊಡ ಹಿಡಿದು ನಿಂತವರಿಗೆ ನಾಳಿದ್ದು ಎನ್ನುವುದು ನನ್ನಿಂದ ಆಗಲಿಲ್ಲ. ಅದು ಕೆಲಸಗಾರನ ಗುಣ. ಸದಸ್ಯನ ಕುರ್ಚಿಯಲ್ಲಿ ಕುಳಿತವನಿಗೆ ಬೇಕಾದದ್ದು ಬೇರೆ ಗುಣ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಆದ್ದರಿಂದಲೇ ನಿಮ್ಮ ಮೂಲ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ವಿದ್ಯುತ್ತು ಮತ್ತು ನೀರಿನ ಕೆಲಸ ಬಲ್ಲವರೇ ಅದರ ಆಡಳಿತಕ್ಕೆ ತಕ್ಕವರು ಎಂದು ಹೇಳಿ ನೀವು ವಿಶ್ವೇಶ್ವರಯ್ಯನವರನ್ನೂ ಅಮೆರಿಕದ ವೆಂಡೆಲ್ ವಿಲ್ಕಿಯವರನ್ನೂ ಹೆಸರಿಸಿದ್ದೀರಿ. ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ, 1912ರಲ್ಲಿ ದಿವಾನರಾದವರು ನಿಜ, ಆದರೆ ಅವರು ಸರ್ಕಾರದ ಸಂಬಳದ ಅಧಿಕಾರಿ, ನಮ್ಮಂತೆ ಅಂಗಡಿ ಇಟ್ಟವರಲ್ಲ, ಮತ ಕೇಳಿ ಬಂದವರೂ ಅಲ್ಲ. ಅವರಿಗಿಂತ ಮೊದಲು 1883ರಿಂದ 1901ರವರೆಗೆ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರನ್ನು ನೋಡಿ. ಅವರು ಕಾನೂನು ಓದಿದವರು, ಎಂಜಿನಿಯರ್ ಅಲ್ಲ. ಶಿವನಸಮುದ್ರದ ಜಲವಿದ್ಯುತ್ ಯೋಜನೆಗೆ ಬೆನ್ನೆಲುಬಾಗಿ ನಿಂತವರು ಅವರೇ. ಯಂತ್ರದ ವಿಷಯವನ್ನು ಎಂಜಿನಿಯರ್ ದ ಲಾಟ್‌ಬಿನಿಯರ್ ಅವರಿಗೆ ಬಿಟ್ಟು, ಹಣ, ಒಪ್ಪಿಗೆ, ಒಪ್ಪಂದಗಳ ಭಾರವನ್ನು ಆಡಳಿತ ಹೊತ್ತಿತು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. ಆ ದಿವಾನರ ಕೆಲಸ ತಂತಿ ಜೋಡಿಸುವುದಾಗಿರಲಿಲ್ಲ.

ವಿಲ್ಕಿಯವರ ಕಥೆ ನಿಮ್ಮ ಪರವಾಗಿಲ್ಲ. ವಕೀಲರಾಗಿದ್ದ ಅವರು 1933ರಲ್ಲಿ ಕಾಮನ್‌ವೆಲ್ತ್ ಅಂಡ್ ಸದರ್ನ್ ಎಂಬ ದೊಡ್ಡ ವಿದ್ಯುತ್ ಕಂಪನಿಯ ಅಧ್ಯಕ್ಷರಾದರು. ಸರ್ಕಾರವೇ ಅಣೆಕಟ್ಟು ಕಟ್ಟಿ ವಿದ್ಯುತ್ತು ಮಾರುವ ಟೆನೆಸ್ಸಿ ಕಣಿವೆ ಪ್ರಾಧಿಕಾರದ ವಿರುದ್ಧ ವರ್ಷಗಟ್ಟಲೆ ಹೋರಾಡಿ, ಕೊನೆಗೆ 1939ರಲ್ಲಿ ತಮ್ಮ ಟೆನೆಸ್ಸಿಯ ಆಸ್ತಿಯನ್ನು 7.86 ಕೋಟಿ ಡಾಲರಿಗೆ ಅದಕ್ಕೇ ಮಾರಿದರು. 1940ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾಗಿ ರೂಸ್‌ವೆಲ್ಟ್ ಎದುರು ನಿಂತಾಗ ಅವರ ವ್ಯವಹಾರವೆಲ್ಲ ಎಲ್ಲರ ಕಣ್ಣೆದುರಿಗಿತ್ತು, ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಆದರೂ ರೂಸ್‌ವೆಲ್ಟರ ಮಂತ್ರಿ ಹೆರಾಲ್ಡ್ ಇಕೀಸ್, ವಿಲ್ಕಿಯವರನ್ನು ಬರಿಗಾಲಿನ ವಾಲ್ ಸ್ಟ್ರೀಟ್ ವಕೀಲ ಎಂದು ಕರೆದರು, ಅಂದರೆ ಹಳ್ಳಿಗನ ವೇಷದಲ್ಲಿರುವ ಹಣವಂತರ ವಕೀಲ. ಅಲ್ಲಿ ಅಧ್ಯಕ್ಷರನ್ನು ಆರಿಸುವ ಚುನಾವಣಾ ಮಂಡಲದ ಮತಗಳಲ್ಲಿ ವಿಲ್ಕಿಯವರಿಗೆ ಬಂದದ್ದು 82, ರೂಸ್‌ವೆಲ್ಟರಿಗೆ 449. ಸೋಲಿಗೆ ಕಾರಣಗಳು ಹಲವಿದ್ದವು. ಆದರೆ ಬಾಗಿಲು ತೆರೆದಿಟ್ಟವರಿಗೇ ಆ ಮಾತು ತಪ್ಪಲಿಲ್ಲವೆಂದ ಮೇಲೆ ಹೆಂಡತಿಯ ಹೆಸರಿನ ಬಿಲ್ ಪುಸ್ತಕ ನಿಮ್ಮನ್ನು ಎಷ್ಟು ದಿನ ಕಾಪಾಡೀತು?

ಇನ್ನೊಂದು ಸಂಗತಿ ನನಗೆ ಹೊರಬಂದ ಮೇಲೆ ಅರ್ಥವಾಯಿತು. ಆ ಮೋಟಾರು ಸುಟ್ಟದ್ದು ಹಳೆಯದಾಗಿತ್ತೆಂದಲ್ಲ. ಆ ಕೊಳವೆಬಾವಿ ಹೊಲದ ಲೈನಿನಲ್ಲಿತ್ತು. ರಾತ್ರಿ ತ್ರೀಫೇಸ್ ಬಂದ ಕ್ಷಣ ಆಟೋ ಸ್ಟಾರ್ಟರ್ ಹಾಕಿದ ಎಲ್ಲ ಪಂಪ್‌ಸೆಟ್‌ಗಳೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದವು, ಟಿಸಿ (ಟ್ರಾನ್ಸ್‌ಫಾರ್ಮರ್) ತಡೆಯಲಾರದೆ ವೋಲ್ಟೇಜ್ ಕುಸಿಯುತ್ತಿತ್ತು, ವೋಲ್ಟೇಜ್ ಕುಸಿದಾಗ ಮೋಟಾರು ಹೆಚ್ಚು ಕರೆಂಟ್ ಎಳೆದು ಕಾಯುತ್ತಿತ್ತು. ಅದೇ ಮೋಟಾರನ್ನು ಎರಡು ವರ್ಷದಲ್ಲಿ ಮೂರು ಸಲ ಸುತ್ತಿದ್ದೇನೆ. ಪರಿಹಾರ ನನ್ನ ಅಂಗಡಿಯಲ್ಲಿ ಇರಲಿಲ್ಲ. ಹೆಚ್ಚುವರಿ ಟಿಸಿಗೆ ಠರಾವು ಮಾಡಿಸಿ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಹತ್ತು ಸಲ ಅಲೆಯಬೇಕಿತ್ತು, ನೀರಿನ ಮೋಟಾರನ್ನು ಹೊಲದ ಲೈನಿನಿಂದ ಊರಿನ ಫೀಡರಿಗೆ (ಊರಿನ ಲೈನಿಗೆ) ಬದಲಿಸಲು ಕೇಳಬೇಕಿತ್ತು, ಆಟೋ ಸ್ಟಾರ್ಟರ್ ತೆಗೆಯಿರಿ ಎಂದು ನನಗೆ ಮತ ಹಾಕಿದ ರೈತರಿಗೇ ಗ್ರಾಮಸಭೆಯಲ್ಲಿ ಹೇಳಿ ಅವರ ಸಿಟ್ಟನ್ನು ಎದುರಿಸಬೇಕಿತ್ತು. ವರ್ಷಗಳಿಂದ ಏರಿಸದ ನೀರಿನ ಕರವನ್ನು ಏರಿಸೋಣ ಎನ್ನಬೇಕಿತ್ತು. ರಾಜಕೀಯದವನ ಕೆಲಸ ಅದು. ನನ್ನ ಕೈಯಲ್ಲಿ ಸ್ಪ್ಯಾನರ್ ಇದ್ದ ಕಾರಣ ಆ ಕೆಲಸವನ್ನು ನಾನು ಮುಟ್ಟಲೇ ಇಲ್ಲ, ಜನರೂ ಕೇಳಲಿಲ್ಲ.

ನಿಲ್ಲಬೇಡಿ ಎಂದು ನಾನು ಹೇಳುತ್ತಿಲ್ಲ. ನಿಲ್ಲುವುದಾದರೆ ಪಂಚಾಯಿತಿಯ ಕೆಲಸ ನಿಮ್ಮ ಮನೆಯ ಯಾರ ಕೈಯಲ್ಲೂ ಇರಬಾರದು. ಬಾಕಿ ಬಿಲ್ಲಿನ ಬಗ್ಗೆಯೂ ಕೇಳಿದ್ದೀರಿ. ಶಾಸಕ, ಸಂಸದ ಸ್ಥಾನಗಳಿಗೆ ಅನ್ವಯಿಸುವ 1951ರ ಜನಪ್ರಾತಿನಿಧ್ಯ ಕಾಯ್ದೆಯ 9ಎ ಪ್ರಕರಣದಲ್ಲಿ, ಗುತ್ತಿಗೆದಾರ ತನ್ನ ಕೆಲಸ ಪೂರ್ತಿ ಮುಗಿಸಿದ್ದರೆ ಸರ್ಕಾರ ಹಣ ಕೊಟ್ಟಿಲ್ಲ ಎಂಬ ಮಾತ್ರಕ್ಕೆ ಗುತ್ತಿಗೆ ಜಾರಿಯಲ್ಲಿದೆ ಎಂದು ಎಣಿಸುವುದಿಲ್ಲ ಎಂಬ ವಿವರಣೆ ಇದೆ. ಅದು ಬೇರೆ ಕಾಯ್ದೆ. ಅದನ್ನೇ ನೆಚ್ಚಿಕೊಂಡು ಪಂಚಾಯಿತಿಗೆ ನಾಮಪತ್ರ ಹಾಕಬೇಡಿ. ಎಲ್ಲ ಬಿಲ್ಲುಗಳನ್ನೂ ಮುಗಿಸಿಕೊಳ್ಳಿ, ಆಗದಿದ್ದರೆ ಬಿಟ್ಟುಕೊಡಿ, ನಾಮಪತ್ರಕ್ಕೆ ಮುನ್ನ ಪಂಚಾಯಿತಿ ಕಾನೂನು ಬಲ್ಲ ವಕೀಲರಿಗೆ ಕಾಗದಗಳನ್ನು ತೋರಿಸಿ. ಯಾವ ಮೋಟಾರು ಎಷ್ಟು ಅಡಿಯಲ್ಲಿದೆ, ಯಾವ ವಾಲ್ವ್ ಎಲ್ಲಿದೆ ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು ವಾಟರ್‌ಮನ್‌ಗೆ ಕೊಡಿ, ಅವನನ್ನು ಜೊತೆಗೆ ಕರೆದುಕೊಂಡು ಹೋಗಿ ತೋರಿಸಿ. ಪಂಪ್‌ಹೌಸ್ ಕೀಲಿಗಳನ್ನು ಪಿಡಿಒ ಅವರಿಗೆ ಒಪ್ಪಿಸಿ ಸ್ವೀಕೃತಿ ಬರೆಸಿಕೊಳ್ಳಿ. ನಾನು ನನ್ನ ಮನೆಯಲ್ಲಿದ್ದ ಕೀಲಿಗಳನ್ನು ಒಪ್ಪಿಸಿದ್ದು ರಾಜೀನಾಮೆ ಕೊಟ್ಟ ದಿನ ಮಧ್ಯಾಹ್ನ.