ಕಂಪ್ಯೂಟರಿಗೆ 0 ಮತ್ತು 1 ಮಾತ್ರ ಯಾಕೆ? ನಮ್ಮ ಹಾಗೆ ಹತ್ತು ಅಂಕಿ ಯಾಕಿಲ್ಲ?

ಹತ್ತು ಅಂಕಿಯಲ್ಲೂ ಕಂಪ್ಯೂಟರ್ ಮಾಡಬಹುದು, ಮಾಡಿಯೂ ಇದ್ದಾರೆ. 1945ರಲ್ಲಿ ಅಮೆರಿಕದಲ್ಲಿ ಸಿದ್ಧವಾದ ಎನಿಯಾಕ್ ಎಂಬ ಕಂಪ್ಯೂಟರ್ ಲೆಕ್ಕ ಮಾಡುತ್ತಿದ್ದದ್ದು ದಶಮಾನದಲ್ಲೇ. ಆದರೆ ಒಂದೊಂದು ಅಂಕಿ ಹಿಡಿದಿಡಲು ಅದಕ್ಕೆ ಆನ್ ಅಥವಾ ಆಫ್ ಅನ್ನುವುದನ್ನು ನೆನಪಿಡುವ ಹತ್ತು ಫ್ಲಿಪ್‌ಫ್ಲಾಪ್ ಬೇಕಿತ್ತು. ಬೈನರಿಯಲ್ಲಿ, ಅಂದರೆ 0 ಮತ್ತು 1 ಮಾತ್ರ ಇರುವ ಪದ್ಧತಿಯಲ್ಲಿ, ಅದೇ ಕೆಲಸಕ್ಕೆ ನಾಲ್ಕು ಸಾಕು.

ನನ್ನ ಪ್ರಕಾರ ದೊಡ್ಡ ಕಾರಣ ವೋಲ್ಟೇಜು. 5 ವೋಲ್ಟಿನಲ್ಲಿ ಓಡುವ ಟಿಟಿಎಲ್ ಅನ್ನುವ ಹಳೆಯ ಬಗೆಯ ಚಿಪ್ ತಗೊಳ್ಳಿ. ಒಳಗೆ ಬರುವ ಸಿಗ್ನಲ್ 0.8 ವೋಲ್ಟಿಗಿಂತ ಕಡಿಮೆ ಇದ್ದರೆ 0, 2 ವೋಲ್ಟಿಗಿಂತ ಜಾಸ್ತಿ ಇದ್ದರೆ 1. ತಂತಿಯಲ್ಲಿ ನಾಯ್ಸ್ (ಬೇಡದ ವಿದ್ಯುತ್ ಏರುಪೇರು) ಸೇರಿಕೊಂಡು 3.4 ಇದ್ದದ್ದು 2.9ಕ್ಕೆ ಇಳಿದರೂ ಅದು 1 ಅಂತಲೇ ಲೆಕ್ಕ, ಮೇಲಾಗಿ ಅದನ್ನು ಓದಿದ ಗೇಟ್ (ಚಿಪ್ಪಿನೊಳಗಿನ ಪುಟ್ಟ ತರ್ಕ ಸರ್ಕ್ಯೂಟ್) ತನ್ನ ಕಡೆಯಿಂದ ಹೊಸದಾಗಿ, ಸರಿಯಾದ ಮಟ್ಟದಲ್ಲೇ ಸಿಗ್ನಲ್ ಕಳಿಸುತ್ತದೆ, ಹಾಗಾಗಿ ತಪ್ಪು ಮುಂದಕ್ಕೆ ಹರಿಯುವುದಿಲ್ಲ. ಅದೇ 5 ವೋಲ್ಟನ್ನು ಹತ್ತು ಪಾಲು ಮಾಡಿದರೆ? ಒಂದೊಂದು ಅಂಕಿಗೆ ಸಿಗುವುದು ಅರ್ಧ ವೋಲ್ಟ್. ಅಷ್ಟೇ ನಾಯ್ಸಿಗೆ 6 ಹೋಗಿ 5 ಆಗಿಬಿಡುತ್ತದೆ. ಬ್ಯಾಂಕ್ ಲೆಕ್ಕದಲ್ಲಿ ಹೀಗಾದರೆ ಗತಿಯೇನು, ಅಲ್ವಾ?

ಇನ್ನು ಚಿಪ್ಪಿನೊಳಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್ ಪೂರ್ತಿ ಆನ್ ಅಥವಾ ಪೂರ್ತಿ ಆಫ್ ಇದ್ದಾಗ ಸುಮ್ನೆ ಬಿಸಿಯಾಗಿ ಹೋಗುವ ಕರೆಂಟೂ ಕಡಿಮೆ. ಹೌದು ಇಲ್ಲ ಅನ್ನುವ ಬೂಲಿಯನ್ ತರ್ಕವನ್ನು ಆನ್-ಆಫ್ ಸ್ವಿಚ್‌ಗಳಲ್ಲೇ ಕಟ್ಟಬಹುದು ಅಂತ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1937ರಲ್ಲೇ ತಮ್ಮ ಪ್ರಬಂಧದಲ್ಲಿ ತೋರಿಸಿದ್ದರು.